ಕೆಂಪು ಮೋಟಾರು ಕೊಂಡ ನಮ್ಮಪ್ಪ

ನಮ್ಮಪ್ಪನಿಗೆ ಸಿಟ್ಟು ಬಂದರೆ ಮೊದಲು ರುಮಾಲು ಬಿಚ್ಚುತ್ತಿದ್ದ. ಬೈಯುವುದು ಆಮೇಲೆ. ಸುತ್ತು ಸುತ್ತಾಗಿ ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು, ಬೋಳು ತಲೆಯನ್ನು ಒಮ್ಮೆ ಸವರಿಕೊಂಡನೆಂದರೆ ಎದುರಿಗಿದ್ದವನು ಹೊಸ್ತಿಲು ದಾಟುವುದೇ ಕ್ಷೇಮ. ಬೈದು ಮುಗಿದ ಮೇಲೆ ಅದೇ ರುಮಾಲನ್ನು ಕನ್ನಡಿಯಿಲ್ಲದೆ, ಒಂದು ನೆರಿಗೆಯೂ ತಪ್ಪದಂತೆ ಮತ್ತೆ ಸುತ್ತಿಕೊಂಡು, ಏನೂ ಆಗದವನ ಹಾಗೆ ಚಹಾ ಕೇಳುತ್ತಿದ್ದ. ಜತ್ತ ಸಂಸ್ಥಾನದ ನಮ್ಮೂರು ಸಂಖದ ಪೇಟೆಯಲ್ಲಿ "ಸಾವಕಾರ್ರು ರುಮಾಲ ತಗದಾರ" ಎಂಬ ಸುದ್ದಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಓಡುತ್ತಿತ್ತು. ಹಮಾಲರು ಚೀಲ ಹೊತ್ತುಕೊಂಡೇ ನಿಂತುಬಿಡುತ್ತಿದ್ದರು.

ಆ ಸಿಟ್ಟು ನನಗೂ ಬಂದಿದೆ. ಬಿಚ್ಚಲು ರುಮಾಲಿಲ್ಲ, ಅಷ್ಟೇ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳಿದ್ದಾರೆ. ಒಳ್ಳೆಯದನ್ನೂ ಹೇಳುತ್ತೇನೆ, ಆದರೆ ಸಿಟ್ಟನ್ನು ಹೊರಗೆ ಕಳಿಸಿ ಹೇಳಲಾರೆ.

ಅಪ್ಪನದು ಶೇಂಗಾ, ಜೋಳದ ವ್ಯಾಪಾರ. ಒಂದು ಹಳೆಯ ಲಾರಿ ಇತ್ತು. ಅದನ್ನು ಹೊಡೆಯುತ್ತಿದ್ದವರು ಹುಸೇನಚಾಚಾ. ಗಂಡು ಮಕ್ಕಳಿಲ್ಲದ ಮನೆ ನಮ್ಮದು, ಇದ್ದವಳು ನಾನೊಬ್ಬಳೇ. ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತು ಹುಟ್ಟಿದವಳೆಂದು ನನಗೆ ದಾನವ್ವ ಎಂದೇ ಹೆಸರಿಟ್ಟಿದ್ದರು. ಹರಕೆಯಲ್ಲಿ ಕೇಳಿದ್ದು ಮಗ ಎಂದು ಅಜ್ಜಿ ಆಗಾಗ ನೆನಪಿಸುತ್ತಿದ್ದಳು. ಅಪ್ಪ ಮಾತ್ರ ಒಂದು ದಿನವೂ ಹಾಗೆ ಅಂದವನಲ್ಲ. ಶೇಂಗಾ ರಾಶಿಯ ಮುಂದೆ ನನ್ನನ್ನು ಕೂಡಿಸಿಕೊಂಡು, ಕಾಯಿ ಒಡೆದು ಬಾಯಿಗೆ ಹಾಕಿ, ಯಾವ ಹೊಲದ್ದು ಹೇಳು ನೋಡೋಣ ಎಂದು ಪರೀಕ್ಷೆ ಮಾಡುತ್ತಿದ್ದ.

ನನ್ನ ಶಾಲೆಯ ಹೆಡ್‌ಮಾಸ್ತರರು ಮ್ಯಾಟ್ರಿಕ್ ತರಗತಿಗೆ ಹುಡುಗಿ ಬೇಡ, ಹುಡುಗರ ಲಕ್ಷ್ಯ ಕೆಡುತ್ತದೆ ಎಂದು ಹೇಳಿ ಕಳಿಸಿದ್ದರು. ಅಪ್ಪ ಅವರ ಕೋಣೆಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತು, ರುಮಾಲು ಬಿಚ್ಚಿದ. ವ್ಯಾಪಾರದಲ್ಲಿ ಮರಾಠಿಯನ್ನೂ ಸಲೀಸಾಗಿ ಆಡುತ್ತಿದ್ದ ನಮ್ಮಪ್ಪನಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. "ನನ್ನ ಮಗಳು ಕುಂದ್ರೂದು ಬಾಕಿನ ಮ್ಯಾಲರಿ, ನಿಮ್ಮ ತಲಿ ಮ್ಯಾಲ ಅಲ್ಲ" ಅಂದ. ಹೆಡ್‌ಮಾಸ್ತರರಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ ಬೋಳು ತಲೆ ಅರ್ಥವಾಯಿತು. ಮರುದಿನದಿಂದ ನಾನು ಮೊದಲ ಬಾಕಿನ ಮೇಲೆ ಕೂತೆ.

ಲಾರಿ ಹೊಡೆಯುವುದನ್ನು ನನಗೆ ಕಲಿಸಿದವರು ಹುಸೇನಚಾಚಾ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಬಂಡಿ ದಾರಿಯಲ್ಲಿ ಮೊದಲು ಸ್ಟೇರಿಂಗ್ ಹಿಡಿಯಲು ಕೊಟ್ಟರು, ಮುಂದಿನ ಸುಗ್ಗಿಯ ಹೊತ್ತಿಗೆ ಗೇರು ಹಾಕಲು ಕೊಟ್ಟರು. ಅಪ್ಪನಿಗೆ ಗೊತ್ತಿತ್ತು. ಬದುವಿನ ಮೇಲೆ ನಿಂತು ನೋಡಿ ಮೀಸೆಯಲ್ಲೇ ನಗುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದ, "ಮ್ಯಾಟ್ರಿಕ್ ಪಾಸಾಗವ್ವ. ನಿನಗೊಂದು ಸಣ್ಣ ಮೋಟಾರ ಕೊಡಸ್ತೀನಿ. ಲಾರಿ ನಿನ್ನ ಕೈಗೆ ಒಪ್ಪೂದಿಲ್ಲ." ಅವ್ವ ಬಡಿಸುವ ಕೈ ನಿಲ್ಲಿಸಿದಳು. ಅಪ್ಪ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅದನ್ನೇ ನಂಬಿ ನಾನು ಬೀಜಗಣಿತದ ಜೊತೆ ಗುದ್ದಾಡಿದೆ. ಪಾಸಾದೆ.

ಗಾಡಿ ಹುಡುಕಲು ಅಪ್ಪ ಹುಸೇನಚಾಚಾರನ್ನೂ ನನ್ನನ್ನೂ ಕರೆದುಕೊಂಡೇ ಹೊರಟ. ಆದರೆ ಅವನು ಗಾಡಿ ನೋಡುತ್ತಿದ್ದದ್ದು ಎತ್ತು ನೋಡಿದ ಹಾಗೆ. ಮಿರಜದ ಒಂದು ಗ್ಯಾರೇಜಿನಲ್ಲಿ ಮೋಟಾರಿನ ಸುತ್ತ ಒಮ್ಮೆ ತಿರುಗಿ, ಹಿಂಭಾಗಕ್ಕೆ ಅಂಗೈಯಿಂದ ಬಡಿದು, ಬಗ್ಗಿ ಹೊಟ್ಟೆಯ ಕೆಳಗೆ ಇಣುಕಿದ. ತಳದ ತಗಡಿನ ತೂತಿನಿಂದ ಒಳಗೆ ಕೂತು ನೋಡುತ್ತಿದ್ದ ನನ್ನ ಕಾಲು ಕಾಣಿಸಿತಂತೆ. ವಿಜಾಪುರದಲ್ಲಿ ಒಬ್ಬ ಡಾಕ್ಟರರ ದೊಡ್ಡ ಕರಿ ಮೋಟಾರು ಅವನ ಮನಸ್ಸಿಗೆ ಬಂತು. ಹಿಂದಿನ ಸೀಟು ಕಿತ್ತರೆ ಶೇಂಗಾ ಚೀಲ ಹಿಡಿಸುತ್ತವೆ ಅಂದ. ಅಲ್ಲೇ ರಸ್ತೆಯಲ್ಲಿ ನಾನು ಜಗಳ ತೆಗೆದೆ. ಚೀಲಕ್ಕೆ ಲಾರಿ ಇದೆ, ನನಗೆ ಗಾಡಿ ಬೇಕು ಅಂದೆ. ಅಪ್ಪ ರುಮಾಲಿಗೆ ಕೈ ಹಾಕಿದವನು, ಏನನಿಸಿತೋ, ಕೈ ಕೆಳಗಿಳಿಸಿ ನಗತೊಡಗಿದ. ನನ್ನ ಜೊತೆ ಜಗಳ ಆಡಿದರೆ ಅವನಿಗೆ ಖುಷಿಯಾಗುತ್ತಿತ್ತು.

ಕೊನೆಗೆ ಸಿಕ್ಕಿದ್ದು ಜತ್ತದಲ್ಲೇ. ಸಂಸ್ಥಾನ ವಿಲೀನವಾದ ಮೇಲೆ ದರ್ಬಾರಿನ ನೌಕರಿ ಹೋಗಿ ಪುಣೆಗೆ ಹೊರಟು ನಿಂತಿದ್ದ ಒಬ್ಬ ಇನಾಮದಾರರ ವಾಡೆಯಲ್ಲಿ ಆ ಗಾಡಿ ನಿಂತಿತ್ತು. ಕೆಂಪು ಬಣ್ಣ, ಇಬ್ಬರೇ ಕೂಡುವ ಸೀಟು, ಬಿಚ್ಚಿ ಮಡಚುವ ಬಟ್ಟೆಯ ಟಪ್ಪು, ಉದ್ದ ಮೂತಿ. ಹಿಂದೆ ಸ್ಟೆಪ್ನಿ ಚಕ್ರ ಕಟ್ಟಿದ್ದರು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಒಂದು ದೀಪದ ಗಾಜು ಬಿರುಕು ಬಿಟ್ಟಿತ್ತು. ಅಪ್ಪ ಸುತ್ತ ತಿರುಗಿ, ಬಡಿದು, ಬಗ್ಗಿ ಎಲ್ಲ ಶಾಸ್ತ್ರ ಮುಗಿಸಿದ. ನಾನು ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದೆ. ಬಾಯಿ ತೆರೆದರೆ ಆಸೆ ಹೊರಬಿದ್ದು ರೇಟು ಏರುತ್ತದೆ ಎಂದು ಅಪ್ಪನೇ ಕಲಿಸಿದ್ದ.

ಒಂದು ಸುತ್ತು ಹೋಗಿ ಬರುತ್ತೇವೆ ಎಂದು ಹೇಳಿ, ಹುಸೇನಚಾಚಾ ಗಾಡಿ ಹೊಡೆದರು, ಅಪ್ಪ ಪಕ್ಕದಲ್ಲಿ ಕೂತ. ನಾನು ಹಿಂದೆ ನಡೆದುಕೊಂಡು ಹೋದೆ. ಮನೆಗಳು ಮುಗಿದು ಯಳವಿಯ ದಾರಿ ಶುರುವಾಗುವಲ್ಲಿ ಗಾಡಿ ನಿಂತಿತ್ತು. ಚಾಚಾ ಇಳಿದು ನನಗೆ ಜಾಗ ಬಿಟ್ಟರು. ನಾನು ಕೂಡುವ ಮೊದಲು ಅಪ್ಪ ರಸ್ತೆಯ ಎರಡೂ ಕಡೆ ನೋಡಿದ. ದನಕರು ಬರುತ್ತಿವೆಯೇ ಎಂದು ನೋಡುತ್ತಿದ್ದಾನೆ ಅಂದುಕೊಂಡೆ. ಮನುಷ್ಯರು ಬರುತ್ತಿದ್ದಾರೆಯೇ ಎಂದು ನೋಡಿದ್ದ.

ಲಾರಿ ಹೊಡೆದ ಕೈಗೆ ಆ ಗಾಡಿ ಬೆಣ್ಣೆಯ ಹಾಗಿತ್ತು. ಒತ್ತಿದರೆ ಓಡುತ್ತಿತ್ತು, ಮುಟ್ಟಿದರೆ ತಿರುಗುತ್ತಿತ್ತು. ಟಪ್ಪು ಬಿಚ್ಚಿದ್ದರಿಂದ ಗಾಳಿ ಎದೆಗೇ ಬಡಿಯುತ್ತಿತ್ತು. ಅಪ್ಪನ ರುಮಾಲು ಹಾರಿಹೋಯಿತು. ಜೀವಮಾನದಲ್ಲಿ ಸಿಟ್ಟಿಲ್ಲದೆ ಆ ತಲೆ ಬಯಲಾಗಿದ್ದನ್ನು ಕಂಡದ್ದು ಅದೊಂದೇ ಸಲ. "ಹೊಡಿಯವ್ವ, ಹೊಡಿ. ನಿಂತಗಿಂತೀ" ಎಂದು ಅಪ್ಪ ಮಗುವಿನ ಹಾಗೆ ಕೇಕೆ ಹಾಕಿ ನಕ್ಕ. ಈ ಒಂದು ನಗುವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ವಾಪಸು ಬರುವಾಗ ಜಾಲಿಯ ಕಂಟಿಯಲ್ಲಿ ಸಿಕ್ಕಿದ್ದ ರುಮಾಲನ್ನು ಬಿಡಿಸಿ ತಂದು ಕೊಟ್ಟೆ. ಊರು ಹತ್ತಿರವಾದಾಗ ಮತ್ತೆ ಚಾಚಾ ಕೂತರು, ನಾನು ಮತ್ತೆ ನಡೆದೆ.

ಅಪ್ಪನ ವ್ಯಾಪಾರದ ಪದ್ಧತಿ ಇಲ್ಲಿ ಹೇಳಬೇಕು. ದನದ ಸಂತೆಯಲ್ಲಿ ಎಲ್ಲರೂ ಮಾಡುವ ಹಾಗೆ ಅವನೂ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹಾಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ರೇಟು ಮುರಿಯುತ್ತಿದ್ದ. ನೋಡುವವರಿಗೆ ವಲ್ಲಿ ಅಲುಗಾಡುವುದಷ್ಟೇ ಕಾಣುತ್ತದೆ. ಆದರೆ ಕೈ ಒಳಗೆ ಹೋಗುವ ಮೊದಲು, ಮಾಲು ಯಾರ ಮನೆಗೆ ಹೋಗುತ್ತದೆ ಎಂಬುದನ್ನು ನಿಂತ ಮಂದಿಯ ಮುಂದೆ ಬಾಯಿಬಿಟ್ಟು ಹೇಳಬೇಕು. ಇದು ಅಪ್ಪ ತಾನೇ ಹಾಕಿಕೊಂಡ ಕಟ್ಟು. ರೇಟು ಮುಚ್ಚಿಡಬಹುದು, ಮನೆ ಮುಚ್ಚಿಡಬಾರದು ಅನ್ನುತ್ತಿದ್ದ. ಹಾಗೆ ಹೇಳಿದ ಮೇಲೆ ಆ ಮಾಲು, ಶೇಂಗಾ ಇರಲಿ ಎತ್ತು ಇರಲಿ, ಅದೇ ಮನೆಗೆ ಹೋಗಬೇಕು. ನಡುವೆ ಯಾರು ಎಷ್ಟು ಹೆಚ್ಚು ಕೊಡುತ್ತೇನೆಂದರೂ ಅಪ್ಪ ಜಗ್ಗುತ್ತಿರಲಿಲ್ಲ. ಪೇಟೆಯಲ್ಲಿ ಅವನಿಗಿದ್ದ ಮಾನವೆಲ್ಲ ಇದರಿಂದ ಬಂದದ್ದು.

ವಾಡೆಯ ಅಂಗಳಕ್ಕೆ ನಾನು ಬಂದು ಮುಟ್ಟುವಷ್ಟರಲ್ಲಿ ಮಂದಿ ಸೇರಿದ್ದರು. ಪೇಟೆಯ ವ್ಯಾಪಾರಿಗಳು, ಇನಾಮದಾರರ ನೆಂಟರು, ಸುಮ್ಮನೆ ನೋಡಲು ಬಂದವರು. ಅಪ್ಪ ವಲ್ಲಿ ತೆಗೆದು ಕೈಮೇಲೆ ಹಾಸಿದ. ಇನಾಮದಾರರು ಇದೇನೆಂದು ತಿಳಿಯದೆ ನಗುತ್ತ ಕೈ ಚಾಚಿದರು. ಆಗ ಅಪ್ಪನ ಪದ್ಧತಿ ಬಲ್ಲ ಒಬ್ಬ ಅಡತಿ ವ್ಯಾಪಾರಿ ಎಂದಿನಂತೆ ಕೇಳಿದ, "ಮಾಲ ಯಾರ ಮನಿಗಿರಿ ಸಾವಕಾರ್ರ?"

ಅಪ್ಪ ನನ್ನ ಕಡೆ ನೋಡಿದ. ಮತ್ತೆ ಕಂಬಕ್ಕೆ ಒರಗಿ ನಿಂತಿದ್ದ ನಾನು ಮುಂದೆ ಬಂದೆ. ಇಷ್ಟು ಮಂದಿಯ ಮುಂದೆ ನನ್ನ ಹೆಸರು ಕೇಳಲು ಎಂಥ ಆಸೆಯಿಂದ ನಿಂತಿದ್ದೆನೆಂದು ಇವತ್ತು ನೆನೆದರೂ ಮೈ ಉರಿಯುತ್ತದೆ. ಅಪ್ಪ ಗಂಟಲು ಸರಿಮಾಡಿಕೊಂಡು, "ನಮ್ಮ ಅಳಿಯಗ" ಅಂದ.

ನನಗೆ ಮದುವೆಯಾಗಿರಲಿಲ್ಲ. ನಿಶ್ಚಯವೂ ಆಗಿರಲಿಲ್ಲ. ಅಳಿಯ ಎಂಬ ಪ್ರಾಣಿ ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಹೆಡ್‌ಮಾಸ್ತರರ ಎದುರು ರುಮಾಲು ಬಿಚ್ಚಿದ ಗಂಡಸಿಗೆ ಶೇಂಗಾ ವ್ಯಾಪಾರಿಗಳ ಎದುರು ಮಗಳ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಹೇಡಿ. ಆ ಮಾತನ್ನು ಆಗ ನುಂಗಿದ್ದೆ, ಈಗ ಬರೆದಿದ್ದೇನೆ. ಹುಸೇನಚಾಚಾ ಮುಖ ತಿರುಗಿಸಿ ಚಕ್ರಕ್ಕೆ ಮೆತ್ತಿದ ಮಣ್ಣು ಕೆರೆಯತೊಡಗಿದರು. ವಲ್ಲಿ ಅಲುಗಾಡಿತು, ವ್ಯಾಪಾರ ಕುದುರಿತು.

ಗಾಡಿಯಲ್ಲಿ ಇಬ್ಬರಿಗೇ ಜಾಗ. ಅಪ್ಪ ಮತ್ತು ಚಾಚಾ ಅದರಲ್ಲಿ ಹೊರಟರು. ನನ್ನನ್ನು ಸಂಖದ ಬಸ್ಸಿನಲ್ಲಿ ಪರಿಚಯದ ಮುದುಕಿಯೊಬ್ಬಳ ಪಕ್ಕ ಕೂಡಿಸಿದರು. ದಾರಿಯಲ್ಲಿ ಕೆಂಪು ಗಾಡಿ ಬಸ್ಸನ್ನು ಹಿಂದೆ ಹಾಕಿ ಹೋಯಿತು, ಅದರ ಧೂಳನ್ನೆಲ್ಲ ನಾವು ನುಂಗಿದೆವು. ಮನೆಗೆ ಬಂದವಳೇ, ಯಾವ ಅಳಿಯ ಎಂದು ಅಪ್ಪನನ್ನು ಕೇಳಿದೆ.

"ಹುಡುಕೂಣು" ಅಂದ ಅಪ್ಪ. "ಮಂದಿ ಮುಂದ ಅಂದಾತವ್ವ. ಇನ್ನ ತಿರುಗಿಸಾಕ ಬರೂದಿಲ್ಲ."

"ನನಗ ಕೊಡಸ್ತೀನಿ ಅಂದಿದ್ದು ಮೊದಲಲ್ಲೇನ?"

"ಅದು ಮನ್ಯಾಗ ಅಂದಿದ್ದು."

ಮನೆಯಲ್ಲಿ ಆಡಿದ್ದು ಮಾತಲ್ಲ, ಮಂದಿಯ ಮುಂದೆ ಆಡಿದ್ದಷ್ಟೇ ಮಾತು. ನಮ್ಮಪ್ಪನ ಹೆಸರಾಂತ ಪ್ರಾಮಾಣಿಕತೆಯ ಒಳಮೈ ನನಗೆ ಅವತ್ತು ಕಂಡಿತು. ಗಾಡಿಯನ್ನು ಶೇಂಗಾ ಗೋದಾಮಿನಲ್ಲಿ ನಿಲ್ಲಿಸಿ ಬೀಗ ಹಾಕಿದ. ಅಳಿಯನ ಗಾಡಿ ಎಂದ ಮೇಲೆ ಅಳಿಯ ಮುಟ್ಟುವ ತನಕ ಯಾರೂ ಮುಟ್ಟಬಾರದು. ಮದುವೆಯಾದ ಮೇಲೆ ಹೇಗೂ ನಿನ್ನದೇ ಅಲ್ಲವೇ ಎಂದು ಅವ್ವ ಸಮಾಧಾನ ಹೇಳಿದಳು. ಗಾಡಿ ತುಕ್ಕು ಹಿಡಿಯುತ್ತದೆಂಬ ಗಡಿಬಿಡಿಯಲ್ಲಿ ವರ್ಷ ತುಂಬುವುದರೊಳಗೆ ನನ್ನ ಮದುವೆ ಮಾಡಿದರು. ಇದು ತಮಾಷೆಯ ಮಾತಲ್ಲ. ಕನ್ಯೆ ನೋಡಲು ಬಂದವರು ಮೊದಲು ಗೋದಾಮಿಗೆ ಹೋಗಿ ಬರುತ್ತಿದ್ದರು, ಆಮೇಲೆ ನನ್ನ ಕೈಯ ಚಹಾ ಕುಡಿಯುತ್ತಿದ್ದರು.

ಸಿಕ್ಕಿದವರು ಅಥಣಿ ಕಡೆಯ ಅರಿವೆ ಅಂಗಡಿಯವರು. ನನ್ನ ಗಂಡ ಕೆಟ್ಟವರಲ್ಲ. ಆದರೆ ಅವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಹೆಂಡತಿ ಹೊಡೆದರೆ ಪಕ್ಕದಲ್ಲಿ ಕೂಡುವ ಧೈರ್ಯವೂ ಇರಲಿಲ್ಲ. ಡ್ರೈವರನನ್ನು ಇಟ್ಟರು. ಡ್ರೈವರ ಒಂದು ಸೀಟು, ಅವರು ಒಂದು ಸೀಟು. ನನಗೆಂದು ಹುಡುಕಿದ ಗಾಡಿಯಲ್ಲಿ ನನಗೆ ಕೂಡಲು ಜಾಗವೇ ಇರಲಿಲ್ಲ. ಕೆಲವು ವರ್ಷ ಓಡಾಡಿಸಿ ಮಾರಿದರು. ಮಾರುವಾಗ ನನ್ನನ್ನು ಕೇಳಲಿಲ್ಲ, ಕೇಳುವ ಕಾರಣವೂ ಇರಲಿಲ್ಲ.

ಅಪ್ಪ ಮಾತ್ರ ಆ ವ್ಯಾಪಾರದ ಕಥೆಯನ್ನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಇಂಗ್ಲಿಷ್ ಕಲಿತ ಇನಾಮದಾರರು ವಲ್ಲಿಯ ಕೆಳಗೆ ಬೆರಳು ಎಣಿಸಲು ಬರದೆ ಪೇಚಾಡಿದ್ದು, ಅಳಿಯ ಹುಟ್ಟುವ ಮೊದಲೇ ಅಳಿಯನಿಗೆ ಮಾತು ಕೊಟ್ಟು ಉಳಿಸಿಕೊಂಡದ್ದು. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತವರಿಗೆ ಹೋದಾಗಲೆಲ್ಲ ನಾನು ಒಳಗೆ ರೊಟ್ಟಿ ಬಡಿಯುತ್ತ ಆ ಕಥೆ ಕೇಳುತ್ತಿದ್ದೆ. ನನ್ನ ರೊಟ್ಟಿ ಬಡಿತದ ಸಪ್ಪಳ ಅವತ್ತು ಜೋರಾಗಿರುತ್ತಿತ್ತು.

ಅವನಿಗೆ ಕಾಯಿಲೆ ಹೆಚ್ಚಾದಾಗ ನೋಡಲು ಹೋದೆ. ಹುಸೇನಚಾಚಾ ಅಷ್ಟರೊಳಗೆ ತೀರಿಕೊಂಡಿದ್ದರು. ಅವ್ವ ಗುಡಿಗೆ ಹೋಗಿದ್ದಳು, ಕೋಣೆಯಲ್ಲಿ ನಾವಿಬ್ಬರೇ. ಅಪ್ಪನಿಗೆ ಮಾತು, ನೆನಪು ಎಲ್ಲ ನೆಟ್ಟಗಿತ್ತು. ನನಗೂ ಅದೇ ಕಥೆ ಶುರುಮಾಡಿದ. ದೀಪದ ಬಿರುಕು, ಇನಾಮದಾರರ ಬೂಟು, ಯಳವಿ ದಾರಿಯಲ್ಲಿ ರುಮಾಲು ಹಾರಿದ್ದು, ಒಂದನ್ನೂ ಬಿಡಲಿಲ್ಲ. ಇಲ್ಲಿ ನಾಚಿಕೊಳ್ಳಲು ಯಾವ ಮಂದಿಯೂ ಇಲ್ಲವಲ್ಲ, ಈಗಲಾದರೂ ಹೇಳಲಿ ಅನಿಸಿತು. ಹೆದರಿ ಅಳಿಯ ಅಂದೆನವ್ವ ಎಂಬ ಅವನ ಒಂದು ಮಾತು ಸಾಕಿತ್ತು.

"ಅಪ್ಪಾ, ಅವತ್ತ ಯಳವಿ ದಾರ್ಯಾಗ ಗಾಡಿ ಹೊಡದಾಕಿ ನಾನು" ಅಂದೆ.

ಅಪ್ಪ ಹಾಸಿಗೆಯಿಂದ ತಲೆ ಎತ್ತಿ ನನ್ನ ಮುಖ ನೋಡಿದ. ಅವನ ನೋಟದಲ್ಲಿ ಕಳ್ಳತನವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ.

"ಹುಸೇನಸಾಬ ಅಲ್ಲೇನ ಹೊಡದಿದ್ದು?" ಅಂದ. "ನೀ ಎಲ್ಲಿ ಬಂದಿದ್ದಿ, ಅವ್ವ?"

ಅವತ್ತೇ ಸಂಜೆಯ ಬಸ್ಸಿಗೆ ನಾನು ಅಥಣಿಗೆ ಹೊರಟುಬಂದೆ. ಅಪ್ಪನನ್ನು ನೋಡಿದ್ದು ಅದೇ ಕೊನೆ.