ಜರಡಿಯಲ್ಲಿ ಉಳಿದ ತೌಡು

ಆ ಹಾಲಿನ ಲೋಟವನ್ನು ಅಕ್ಕ ಕಲಗಚ್ಚಿಗೆ ಸುರಿದಳೋ, ನಾನೇ ಕುಡಿದು ಮುಗಿಸಿದೆನೋ, ಖಚಿತವಾಗಿ ಹೇಳಲಾರೆ. ಎಲ್ಲರೆದುರು ಅವಳೇ ಸುರಿದಳೆಂದು ನನ್ನ ನೆನಪು. "ನಾನ್ಯಾಕೋ ಸುರೀಲಿ? ನೀನೇ ಗಟಗಟ ಕುಡ್ದು ಮೀಸೆ ಒರೆಸ್ಕೊಂಡೆ" ಎಂದು ಅವಳ ವಾದ. ನಡೆದು ಎರಡೇ ವರ್ಷ. ಬೇರೆಯವರ ಮಾತನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯ ಕಲಿಸಿತು. ನನ್ನ ಮಾತನ್ನು ಅನುಮಾನಿಸುವುದನ್ನು ಅಕ್ಕ ಕಲಿಸಿದಳು.

ಅನುಮಾನವಿಲ್ಲದ ಭಾಗ ಇಷ್ಟು. ಅಕ್ಕನಿಗೆ ಆಗ ಐವತ್ತು ದಾಟಿತ್ತು. ಮಧುರೆ ಹತ್ತಿರದ ಗಂಡನ ಮನೆಯ ಹಿತ್ತಿಲಲ್ಲಿ ಜಾರಿದಾಗ ಬಲ ಅಂಗೈ ಊರಿದಳು, ಮಣಿಕಟ್ಟು ಮುರಿಯಿತು. ಇಷ್ಟಕ್ಕೆಲ್ಲ ಮುರಿಯಬಾರದಿತ್ತು, ಮೂಳೆ ಸವೆದಿದೆ ಎಂದ ದೊಡ್ಡಬಳ್ಳಾಪುರದ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದು, ಕೆಳಗೆ 'ದಿನಾ ಎರಡು ಲೋಟ ಹಾಲು' ಎಂದು ಸೇರಿಸಿ ಗೆರೆ ಎಳೆದರು. ಅಕ್ಕನಿಗೆ ಹಾಲು ಆಗುವುದಿಲ್ಲ. ಚಿಕ್ಕಂದಿನಿಂದಲೂ ಅರ್ಧ ಲೋಟಕ್ಕೇ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ.

ಆದರೆ ಆ ಮನೆಯಲ್ಲಿ ಮೂರು ಸೀಮೆಹಸು. ಎರಡು ಹೊತ್ತೂ ಡೇರಿಗೆ ಹಾಲು ಹಾಕುವ ಮನೆಯ ಸೊಸೆ ಹಾಲು ಒಲ್ಲೆ ಎಂದರೆ ಅದು ಹಸುವಿಗೇ ಮಾಡಿದ ಅವಮಾನ ಎಂಬಂತೆ ಅವಳ ಅತ್ತೆ ನಡೆದುಕೊಂಡರು. ಒಂದು ವಾರ ಒತ್ತಾಯದಿಂದ ಕುಡಿಸಿದರು. ಅಷ್ಟರಲ್ಲಿ ಅಕ್ಕ ಎಷ್ಟು ಸೊರಗಿದಳೆಂದರೆ, ತಲೆ ತಿರುಗಿ ಮತ್ತೆ ಬಿದ್ದು ಇನ್ನೊಂದು ಮೂಳೆ ಮುರಿದುಕೊಳ್ಳುತ್ತಾಳೇನೋ ಎಂಬ ಭಯ ಹುಟ್ಟಿತು.

ಭಾನುವಾರ ನಾನು ಹೋದಾಗ ಅತ್ತೆಯ ಕೈಯಲ್ಲಿ ಲೋಟವಿತ್ತು.

"ಊರೆಲ್ಲ ನಮ್ಮನೆ ಹಾಲು ಕುಡೀತದೆ, ನಿಂಗೇನಮ್ಮ ದೊಡ್ಡ ರೋಗ?"

"ಕುಡಿದ್ಮೇಲೆ ಕಕ್ಕಸ್ ಬಾಗ್ಲಲ್ಲಿ ನೀವೂ ಕಾವಲು ಕೂತ್ಕೋತೀರಾ, ಅತ್ತೆ?"

ಲೋಟದ ಜಗಳ ಆಗಿದ್ದು ಅಲ್ಲೇ. ಅದು ಖಾಲಿಯಾದದ್ದು ಹೇಗೆಂಬುದೇ ಗೊತ್ತಿಲ್ಲ.

ಮುನಿಸಿಕೊಂಡೇ ಅತ್ತೆ ನನಗಾಗಿ ಅಡುಗೆಗೆ ಇಳಿದರು. ನೆಂಟರು ಬಂದ ದಿನ ರಾಗಿಹಿಟ್ಟನ್ನು ಸಣ್ಣ ಜರಡಿ ಹಿಡಿಯುವುದು ಆ ಮನೆಯ ಮರ್ಯಾದೆ; ಮುದ್ದೆ ನುಣ್ಣಗೆ, ತುಸು ಬಿಳುಪಾಗಿ ಬರುತ್ತದೆ. ಜರಡಿಯಲ್ಲಿ ಉಳಿದ ತೌಡು ಹಸುವಿನ ಬಕೆಟ್ಟಿಗೆ. ಕಂಬಕ್ಕೆ ಒರಗಿ ಕೂತಿದ್ದ ಅಕ್ಕ ಗಂಡನನ್ನು ಕೇಳಿದಳು:

"ಅದನ್ಯಾಕೆ ಹಸೂಗೆ ಹಾಕೋದು?"

"ಹಾಲು ಗಟ್ಟಿ ಬರ್ಲಿ ಅಂತ ಕಣೆ."

"ಗಟ್ಟಿ ಮಾಲು ಹಸೂಗೆ, ಸೋಸಿದ ಪುಡಿ ಮನುಷ್ಯರಿಗೆ. ಆಮೇಲೆ ಹಾಲಲ್ಲಿ ವಾಪಸ್ ಕುಡೀಬೇಕು. ನಡುವೆ ಹಸು ಯಾಕ್ರೀ ಬೇಕು? ನಂಗೇ ಹಾಕಿ."

ಭಾವ ನಕ್ಕು ನನ್ನತ್ತ ತಿರುಗಿದರು. "ಏನ್ ಬಾಮೈದ, ಓದಿರೋರು ನೀವು. ನಿಮ್ಮಕ್ಕನ್ನ ನಾಳೆಯಿಂದ ಕೊಟ್ಟಿಗೇಲಿ ಕಟ್ಟೋಣ್ವಾ?"

ಓದಿದವನು ಗಂಭೀರವಾಗಿ ಹೇಳಿದೆ: "ತೌಡಲ್ಲಿ ಬರೀ ನಾರು ಅಕ್ಕಾ, ಇನ್ನೇನೂ ಇರಲ್ಲ." ಯಾವ ಆಧಾರವೂ ಇಲ್ಲದೆ ಆಡಿದ ಮಾತು.

"ನಾರೋ ಬೇರೋ, ನನ್ನ ಹಿಟ್ಟು ಇವತ್ತಿಂದ ಜರಡಿ ಮುಟ್ಟಲ್ಲ" ಎಂದವಳೇ ಎದ್ದು, ಎಡಗೈಯಿಂದ ಜರಡಿಯ ತೌಡನ್ನು ಬಾಚಿ ಹಿಟ್ಟಿಗೇ ಸುರಿದಳು. ಇದನ್ನು ಅತ್ತೆಯೂ ಒಪ್ಪುತ್ತಾರೆ, ಇಂದಿಗೂ ಸಿಟ್ಟಿನಿಂದಲೇ. ಆ ದಿನದ ಮುದ್ದೆ ತರಿತರಿಯಾಗಿತ್ತು; ಮೊದಲ ತುತ್ತು ನುಂಗಿದವಳು ಅಕ್ಕನೇ.

ಆಮೇಲೆ ಮನೆಯೊಳಗಿನ ಸರ್ಕಾರ ಬದಲಾಯಿತು. ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸಿ ಸಿಪ್ಪೆ ಸಮೇತ ಬೀಸಿಸಿದಳು. ಬದುವಿನ ನುಗ್ಗೆಸೊಪ್ಪು ಸಾರಿಗೆ ಬಂತು, ಮುದ್ದೆಯ ಜೊತೆ ಹುಚ್ಚೆಳ್ಳಿನ ಚಟ್ನಿ. ಮಾತ್ರೆ ಬಿಡಲಿಲ್ಲ; ಅವಳ ಹಟ ಹಾಲಿನ ಮೇಲೆ ಮಾತ್ರ. ಮುಂದಿನ ಸಲ ಡಾಕ್ಟರಿಗೇ ನೇರವಾಗಿ ಹೇಳಿದಳು: "ಆ ಸಾಲು ಹೊಡೆದಾಕಿ ಸಾರ್. ನನ್ನ ಹೊಟ್ಟೆ ನಿಮ್ಮ ಚೀಟಿ ಓದಲ್ಲ." ಅವರು ನಕ್ಕು ಅವಳ ಊಟದ ವಿಷಯ ಕೇಳಿ ಬರೆದುಕೊಂಡರು, ಅಷ್ಟು ನೆನಪಿದೆ; ಸಾಲು ಹೊಡೆದರೋ ಇಲ್ಲವೋ, ಚೀಟಿ ಕಳೆದುಹೋಗಿದೆ.

ಮಣಿಕಟ್ಟು ಕೂಡಿತು. ರಾಗಿಯಿಂದಲೇ ಕೂಡಿತೆಂದು ನಾನು ಬರೆಯುವುದಿಲ್ಲ. ಮುರಿದ ಮೂಳೆ ಹಾಲು ಕುಡಿದವರಿಗೂ ಕೂಡುತ್ತದೆ, ಕುಡಿಯದವರಿಗೂ. ಹಾಲಿಲ್ಲದೆ ಅವಳು ಮತ್ತೆ ಮೈ ತುಂಬಿಕೊಂಡಳು, ತಲೆಸುತ್ತು ನಿಂತಿತು. ಆದರೆ ನಾನು ಅಂದು ತೌಡಿನ ಬಗ್ಗೆ ಆಡಿದ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಕೊನೆಗೆ ಗ್ರಂಥಾಲಯದಲ್ಲಿ ಕೂತು ಆಹಾರ ವಿಜ್ಞಾನದ ಪುಸ್ತಕಗಳನ್ನು ತೆಗೆದು ನೋಡಿದೆ. ರಾಗಿಯ ಕ್ಯಾಲ್ಸಿಯಂನ ದೊಡ್ಡ ಪಾಲು ಇರುವುದು ಕಾಳಿನ ಹೊರಸಿಪ್ಪೆಯಲ್ಲಿ. ತೌಡು ತೆಗೆದಷ್ಟೂ ಅದು ಹಿಟ್ಟಿನಿಂದ ಹೊರಟುಹೋಗುತ್ತದೆ.