ಮುಳುಗುವ ದಾರ ಮತ್ತು ಕಾಕನ ಕೈ

ಕಳೆದ ವಾರ ಮೂಡುಬಿದಿರೆಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ, ಗ್ಲಿಸರಿನ್ ತುಂಬಿದ ಉದ್ದನೆಯ ಗಾಜಿನ ಜಾಡಿಯೊಳಗೆ ವಿದ್ಯಾರ್ಥಿನಿಯೊಬ್ಬಳು ಉಕ್ಕಿನ ಪುಟ್ಟ ಗುಂಡೊಂದನ್ನು ಬಿಟ್ಟಳು. ಅದು ಯಾವ ಅವಸರವೂ ಇಲ್ಲದೆ ಇಳಿಯುತ್ತ ಹೋಯಿತು. ಅವಳು ಸ್ಟಾಪ್‌ವಾಚ್ ಒತ್ತಿ, ಗುಂಡು ಎರಡು ಗೆರೆಗಳ ನಡುವೆ ಹಾಯುವ ಹೊತ್ತನ್ನು ಬರೆದುಕೊಂಡಳು. ಪ್ರತಿ ವರ್ಷ ನೋಡುವ ಪ್ರಯೋಗವೇ. ಆದರೆ ಮೂರನೆಯ ಗುಂಡನ್ನು ಬಿಡದೆಯೇ ಅವಳು ಅಂದಾಜಿನಲ್ಲಿ ಒಂದು ಸಂಖ್ಯೆ ಬರೆದುಬಿಟ್ಟದ್ದನ್ನು ಕಂಡು ಗದರಿದೆ, ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ. ಆಮೇಲೆ ಕಿಟಕಿಯ ಬಳಿ ಹೋಗಿ ನಿಂತೆ... ಫರಂಗಿಪೇಟೆಯ ಪಕ್ಕದ ಮನೆಯ ಕಾಕ ನೆನಪಾಗಿದ್ದರು.

ನಾನು ದಾವಣಗೆರೆ ಕಡೆಯವಳು. ಬಂಟ್ವಾಳದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದಾಗ ಫರಂಗಿಪೇಟೆಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಳೆಯ ದಿಕ್ಕಿಗೆ, ಒಂದು ಬಾಡಿಗೆ ಮನೆ ಸಿಕ್ಕಿತ್ತು. ತುಳು ಬರುತ್ತಿರಲಿಲ್ಲ. ಪಕ್ಕದ ಮನೆಯವರ ಬ್ಯಾರಿ ಭಾಷೆಯಂತೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಮನೆಯ ಯಜಮಾನರು ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ. ಊರೆಲ್ಲ ಅವರನ್ನು ಕಾಕ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರಿಗೆ ನಾನು ಟೀಚರ್. ಕಾಲೇಜಿನವರು ಟೀಚರ್ ಅಲ್ಲ, ಲೆಕ್ಚರರ್ ಎಂದು ಅವರ ಹೆಂಡತಿ ಒಮ್ಮೆ ತಿದ್ದಿದ್ದರು. ಕಾಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಕ ಅಡುಗೆಯವರು. ಮೊದಲು ಕೆಲವು ವರ್ಷ ಕೊಲ್ಲಿ ದೇಶದಲ್ಲಿ, ಆಮೇಲೆ ಹದಿನೆಂಟು ವರ್ಷ ಕೆನಡಾದಲ್ಲಿ, ಕಾಡಿನ ನಡುವೆ ಹೊಳೆಯ ದಡದಲ್ಲಿದ್ದ ಒಂದು ವಸತಿಗೃಹದಲ್ಲಿ. ಅಲ್ಲಿಗೆ ಬರುವವರೆಲ್ಲ ಮೀನು ಹಿಡಿಯುವ ಹುಚ್ಚಿನವರು. ಸ್ಟೀಲ್‌ಹೆಡ್ ಎಂಬ ಮೀನು ಚಳಿಗಾಲದಲ್ಲಿ ಸಮುದ್ರದಿಂದ ಹೊಳೆಗೆ ಹತ್ತಿ ಬರುತ್ತದಂತೆ. ಅದೊಂದು ಮೀನಿಗಾಗಿ ಆ ಜನ ಮಂಜುಗಡ್ಡೆಯಂಥ ನೀರಿನಲ್ಲಿ ಸೊಂಟದವರೆಗೆ ಇಳಿದು ದಿನವಿಡೀ ನಿಲ್ಲುತ್ತಿದ್ದರಂತೆ, ಸಿಕ್ಕಿದ ಮೇಲೆ ಮುದ್ದು ಮಾಡಿ ಬಿಟ್ಟುಬಿಡುತ್ತಿದ್ದರಂತೆ. "ಎಣ್ಣೆ ಕಾಯಿಸಿ ನಾನು ಇಲ್ಲಿ ನಿಂತಿದ್ದೇನೆ ಮಾರಾಯ್ರೆ, ಅವರು ಅಲ್ಲಿ ಬಿಟ್ಟು ಬರ್ತಾರೆ," ಎಂದು ಹೇಳಿ ಕಾಕ ನಗುತ್ತಿದ್ದರು. ಸಂಜೆ ಪಾತ್ರೆ ಕೆಲಸ ಮುಗಿದ ಮೇಲೆ ಅತಿಥಿಗಳ ಗಾಳದ ದಾರಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಸುತ್ತಿಡುವುದೂ ಅವರ ಕೆಲಸವಾಗಿತ್ತು. ಯಾವ ದಾರ ಎಷ್ಟು ಬೇಗ ಮುಳುಗುತ್ತದೆ, ಯಾವ ನೀರಿಗೆ ಯಾವುದು ಎಂಬುದೆಲ್ಲ ಹಾಗೆ ಕಲಿತದ್ದು. ಬೆಳಿಗ್ಗೆ ಅತಿಥಿಗಳು ಇವತ್ತು ಯಾವುದು ಹಾಕಲಿ ಎಂದು ಅಡುಗೆಮನೆಯ ಕಿಟಕಿಗೆ ಬಂದು ಕೇಳುವಷ್ಟು ಕಲಿತಿದ್ದರು. ಆದರೆ ಹದಿನೆಂಟು ವರ್ಷದಲ್ಲಿ ಒಂದು ಮೀನನ್ನೂ ಹಿಡಿದಿರಲಿಲ್ಲ. ಕೆಲಸದವರು ಹೊಳೆಗೆ ಇಳಿಯಬಾರದೆಂಬ ನಿಯಮ. ಅಡುಗೆಮನೆಯ ಹಿಂದೆ ಹಿಮದ ಮೇಲೆ, ಗಾಳವಿಲ್ಲದ ದಾರವನ್ನು ಬೀಸಿ ಬೀಸಿ ಅಭ್ಯಾಸ ಮಾಡಿದ್ದಷ್ಟೇ.

ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗತೊಡಗಿದಾಗ ಊರಿಗೆ ಮರಳಿದ್ದರು. ನಾನು ನೋಡುವ ಹೊತ್ತಿಗೆ ಎದುರು ನಿಂತವರ ಮುಖ ಅವರಿಗೆ ಬರೀ ಬಿಳಿಚಿದ ಆಕಾರ. ಆದರೂ ಅಡುಗೆ ಅವರದ್ದೇ. ಈರುಳ್ಳಿಯನ್ನು ಅವರು ಹೆಚ್ಚುವುದನ್ನು ನೋಡುತ್ತ ನಿಂತರೆ ನಾನೇ ನನ್ನ ಬೆರಳುಗಳನ್ನು ಮಡಚಿಕೊಳ್ಳುತ್ತಿದ್ದೆ, ಅವರ ಕತ್ತಿ ತಪ್ಪುತ್ತಿರಲಿಲ್ಲ.

ಒಂದು ಡಿಸೆಂಬರಿನ ಭಾನುವಾರ ಅವರು ಬಟ್ಟೆಯ ಚೀಲವೊಂದನ್ನು ಹಿಡಿದು ಬಂದರು. ಒಳಗೆ ನಾಲ್ಕು ತುಂಡಾಗಿ ಬಿಚ್ಚಿಟ್ಟ ಒಂದು ಹಳೆಯ ಗಾಳದ ಕೋಲು, ಮೂರು ಸುತ್ತು ದಾರ. ಹೊರಡುವಾಗ ಅತಿಥಿಗಳು ಕೊಟ್ಟ ಉಡುಗೊರೆ.

"ಟೀಚರ್, ಒಂದು ಉಪಕಾರ ಆಗ್ಬೇಕಿತ್ತು. ಈ ಚೀಟಿಗಳಲ್ಲಿ ಎಂತ ಬರ್ದದ್ದುಂಟು ಅಂತ ಓದಿ ಹೇಳ್ತೀರಾ? ಸೆಕೆಂಡಿಗೆ ಎಷ್ಟು ಇಂಚು ಮುಳುಗ್ತದೆ ಅಂತ ಇರ್ತದೆ."

ಪೂರ್ತಿ ಕತ್ತಲಾಗುವ ಮೊದಲು ಒಂದೇ ಒಂದು ಮೀನು ಹಿಡಿಯಬೇಕೆಂಬುದು ಅವರ ಆಸೆ. ಮುಂಡಾಜೆಯ ಹತ್ತಿರ ಹೊಳೆಯಲ್ಲೊಂದು ಆಳದ ಗುಂಡಿಯಿರುವುದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು.

"ಚಳಿಗೆ ಮೀನು ಅಡಿಯಲ್ಲಿ ಮಲಗ್ತದೆ. ಮೇಲೆ ಎಷ್ಟು ಒಳ್ಳೆ ತಿಂಡಿ ಹೋದ್ರೂ ಎದ್ದು ಬರುದಿಲ್ಲ. ಅದರ ಮೂಗಿನ ಹತ್ರ ನಾವೇ ಮುಟ್ಟಿಸ್ಬೇಕು."

"ಹಾಗಾದ್ರೆ ಎಲ್ಲಕ್ಕಿಂತ ಬೇಗ ಮುಳುಗೋದನ್ನೇ ಹಾಕಿದರಾಯಿತಲ್ಲ ಕಾಕ?"

"ಆಗ್ಲಿಕ್ಕಿಲ್ಲ. ನಿಂತ ನೀರಿಗೆ ಅದನ್ನು ಹಾಕಿದ್ರೆ ಸೀದಾ ಹೋಗಿ ಕಲ್ಲಿಗೆ ಸಿಕ್ಕಿಬೀಳ್ತದೆ. ಓಡುವ ನೀರಿಗೆ ಹಗುರದ್ದು ಹಾಕಿದ್ರೆ ಹೊಳೆ ಎಳ್ಕೊಂಡು ಹೋಗ್ತದೆ. ಆಳ ಎಷ್ಟು, ಓಟ ಎಷ್ಟು, ಎರಡೂ ನೋಡಿ ಆರಿಸ್ಬೇಕು."

ನನಗೆ ಉತ್ಸಾಹ ಹತ್ತಿಬಿಟ್ಟಿತು. ಇದು ನನ್ನದೇ ಪಾಠವಲ್ಲವೇ! ಅವರ ಹಿತ್ತಲಿನ ನೀರಿನ ಡ್ರಮ್ಮಿನಲ್ಲಿ ಒಂದೊಂದು ದಾರದ ತುದಿಯನ್ನೂ ಮುಳುಗಿಸಿ ಪರೀಕ್ಷಿಸೋಣ, ಕಣ್ಣಿಲ್ಲದೆಯೂ ತಿಳಿಯುವಂತೆ ಗಂಟು ಹಾಕಿಡೋಣ ಎಂದೆ. ನಿಧಾನದ್ದಕ್ಕೆ ಒಂದು ಗಂಟು, ನಡುವಿನದಕ್ಕೆ ಎರಡು, ವೇಗದ್ದಕ್ಕೆ ಮೂರು. ಸೆಕೆಂಡಿಗೆ ಐದು ಇಂಚು ಮುಳುಗುವ ದಾರವನ್ನು ಗಡಿಯಾರ ಹಿಡಿದು ನೋಡಿದೆವು, ಸರಿಯಾಗಿತ್ತು. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನ್ ಬಂತು, ಮಾತು ಮುಗಿಯುವಾಗ ಮಧ್ಯಾಹ್ನವಾಗಿತ್ತು. ಉಳಿದೆರಡರ ಚೀಟಿಗಳು ನೀರು ತಾಗಿ ಮಸುಕಾಗಿದ್ದವು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎಂಟು ಎಂದು ಓದಿ, ಪರೀಕ್ಷಿಸದೆಯೇ ಗಂಟು ಕಟ್ಟಿದೆ.

ಕಾಕ ಮೂರು ಗಂಟಿನ ದಾರವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿದರು. "ಇದು ದಪ್ಪ ಉಂಟಲ್ಲ ಟೀಚರ್? ಬೇಗ ಮುಳುಗುವುದು ಸಪೂರ ಇರ್ಬೇಕು."

"ಚೀಟಿಯಲ್ಲಿ ಎಂಟು ಅಂತಲೇ ಇದೆ ಕಾಕ."

ಅವರು ಇನ್ನೊಮ್ಮೆ ಉರುಳಿಸಿದರು. "ಹಾಗಾದ್ರೆ ಸರಿ," ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. "ನೀವು ಓದಿದವರು."

ಮುಂದಿನ ಭಾನುವಾರ ಮೂವರೂ ಬಸ್ಸಿನಲ್ಲಿ ಹೊರಟೆವು. "ನಾವಿಬ್ರೇ ಹೋಗುದು ಬೇಡ, ಕಾಲ ಸರಿ ಇಲ್ಲ. ಇವಳೂ ಬರ್ತಾಳೆ," ಎಂದು ಕಾಕ ಮೊದಲೇ ಹೇಳಿದ್ದರು. ಯಾಕೆಂದು ಪೇಪರು ಓದುವ ನನಗೂ ಗೊತ್ತಿತ್ತು. ಬೆಳ್ತಂಗಡಿ ದಾಟುವಾಗ ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ಮುಂಡಾಜೆಯಲ್ಲಿ ಇಳಿದು ಹೊಳೆಗೆ ನಡೆಯುವಾಗ ಅವರ ಹೆಂಡತಿ ಮುಂದೆ, ಆಕೆಯ ಹೆಗಲ ಮೇಲೆ ಕೈಯಿಟ್ಟು ಕಾಕ ಹಿಂದೆ, ಕೋಲು ಹೊತ್ತುಕೊಂಡು ನಾನು.

ಆ ಬೆಳಿಗ್ಗೆ ಕಾಕ ದಾರ ಬೀಸಿದ್ದನ್ನು ನಾನು ಮರೆಯಲಾರೆ. ಹಿಮದ ಮೇಲೆ ಅಷ್ಟು ವರ್ಷ ಬೀಸಿದ ಕೈ. ದಾರ ಅವರ ತಲೆಯ ಹಿಂದೆ ನೆಟ್ಟಗೆ ಚಾಚಿಕೊಂಡು, ಮತ್ತೆ ಮುಂದಕ್ಕೆ ಬಂದು, ನೀರಿನ ಮೇಲೆ ಸದ್ದಿಲ್ಲದೆ ಮಲಗುತ್ತಿತ್ತು. ನೀರು ಆಳವಾಗಿತ್ತು, ಓಟವೂ ಇತ್ತು, ಹಾಗಾಗಿ ಮೂರು ಗಂಟಿನದನ್ನೇ ಆರಿಸಿದ್ದರು. ದಾರ ಬಿದ್ದ ಮೇಲೆ ಒಂದು, ಎರಡು, ಮೂರು ಎಂದು ಎಣಿಸುತ್ತ ತಳ ಸಿಗುವುದನ್ನು ಕಾಯುತ್ತಿದ್ದರು. ಇಪ್ಪತ್ತಾದರೂ ಸಿಗುತ್ತಿರಲಿಲ್ಲ. ಹೊಳೆ ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಎರಡು ಗಂಟಿನದನ್ನೂ ಹಾಕಿ ನೋಡಿದರು, ಆ ಓಟಕ್ಕೆ ಅದೂ ಸಾಲಲಿಲ್ಲ. ಒಂದು ಗಂಟಿನದನ್ನು ಮುಟ್ಟಲೇ ಇಲ್ಲ. ಅದು ಎಲ್ಲಕ್ಕಿಂತ ನಿಧಾನದ್ದು ಎಂದು ನಾನು ಹೇಳಿದ್ದೆನಲ್ಲ.

ಬಿಸಿಲೇರಿದ ಮೇಲೆ ಬಂಡೆಯ ಮೇಲೆ ಕುಳಿತು ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಉಜ್ಜಿಕೊಂಡರು.

"ಡಾಕ್ಟರು ಹೇಳಿದ್ರು ಟೀಚರ್, ಶುಗರ್ ಕಣ್ಣಿಗೆ ಮಾತ್ರ ಅಲ್ಲ, ಬೆರಳಿಗೂ ಬರ್ತದೆ, ಮುಟ್ಟಿದ್ದು ಗೊತ್ತಾಗುದಿಲ್ಲ ಅಂತ. ಸಪೂರ ಇರುವುದು ನನಗೆ ದಪ್ಪ ಅನ್ನಿಸಿತಲ್ಲ ಆ ದಿನ... ಬಂದಾಯ್ತು ಕಾಣ್ತದೆ."

ವಾಪಸಾಗುವಾಗ ಬಸ್ಸಿನಲ್ಲಿ ಕೋಲಿನ ಚೀಲ ನನ್ನ ಮಡಿಲಲ್ಲೇ ಇತ್ತು.

ದಾರಗಳನ್ನು ತೊಳೆದುಕೊಡುತ್ತೇನೆಂದು ನನ್ನ ಮನೆಗೆ ತಂದಿದ್ದೆ. ಮರುದಿನ ಸೋಪಿನ ನೀರಿನ ಬಕೆಟ್ಟಿಗೆ ಹಾಕಿದಾಗ ಒಂದು ಗಂಟಿನ ದಾರ ಕಲ್ಲಿನ ಹಾಗೆ ತಳಕ್ಕೆ ಹೋಯಿತು. ಮೂರು ಗಂಟಿನದು ತೂಗಾಡುತ್ತ ಅದರ ಹಿಂದೆ ನಿಧಾನವಾಗಿ ಇಳಿಯಿತು. ಚೀಟಿಗಳನ್ನು ಬೆಳಕಿಗೆ ಹಿಡಿದೆ. ಮೂರರ ಸುತ್ತ ಶಾಯಿ ಹರಡಿ ಎಂಟಾಗಿತ್ತು, ಎಂಟು ಒಂದು ಪಕ್ಕ ಅಳಿಸಿ ಮೂರಾಗಿತ್ತು. ಕಾಕನ ಬೆರಳು ಸರಿಯಾಗಿಯೇ ಓದಿತ್ತು.

ಆ ಕ್ಷಣವೇ ಎರಡು ಮನೆಗಳ ನಡುವಿನ ಗೋಡೆಯಾಚೆ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಮಕ್ಕಳಿಗೆ ದಿನಾ ಅಳೆಯದೆ ಬರೆಯಬೇಡಿ ಎನ್ನುವವಳು, ಅಳೆಯದೆ ಗಂಟು ಕಟ್ಟಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಒಂಬತ್ತು ದಿನ ಕಳೆದೆ. ಅವರು ಜಗಲಿಯಲ್ಲಿ ಕಂಡರೆ ಬೇಗ ಒಳಗೆ ಹೋಗುತ್ತಿದ್ದೆ.

ಹತ್ತನೆಯ ದಿನ ಅವರ ಹೆಂಡತಿ ಗೋಡೆಯ ಹತ್ತಿರ ಬಂದು ನಿಂತರು. "ಅವರು ಅಡಿಗೆಮನೆಗೆ ಬರುದೇ ಇಲ್ಲ ಟೀಚರ್. ಕತ್ತಿ ಮುಟ್ಟುದಿಲ್ಲ. ಕೈಯನ್ನು ನಂಬ್ಲಿಕ್ಕೆ ಆಗುದಿಲ್ಲ ಅಂತಾರೆ. ಸುಮ್ಮನೆ ಗೋಡೆ ನೋಡ್ಕೊಂಡು ಕೂತ್ಕೊಳ್ತಾರೆ... ನೀವೊಂದು ಮಾತು ಹೇಳಿ ನೋಡಿ."

ನಾನು ದಾರಗಳನ್ನು ಹಿಡಿದುಕೊಂಡು ಹಾಗೆಯೇ ಅವರ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ, ಒಂಬತ್ತು ದಿನದ್ದನ್ನೂ ಸೇರಿಸಿ. ಕಾಕ ಕೈ ಚಾಚಿದರು. ಎರಡೂ ದಾರಗಳನ್ನು ಅಂಗೈಯಲ್ಲಿಟ್ಟೆ. ಉರುಳಿಸಿ ನೋಡಿದರು.

"ಇದು ಸಪೂರ. ಇದು ದಪ್ಪ. ಹೌದಾ?"

"ಹೌದು ಕಾಕ."

"ಆ ದಿನವೂ ನನ್ನ ಕೈ ಸರಿ ಇತ್ತಾ?"

"ಇತ್ತು. ತಪ್ಪು ನನ್ನದು."

"ಒಂಬತ್ತು ದಿನ, ಟೀಚರ್!" ಅವರ ದನಿ ಏರಿತ್ತು. ಅವರು ಸಿಟ್ಟಾದದ್ದನ್ನು ಅದೊಂದೇ ಸಲ ಕಂಡದ್ದು. "ತಪ್ಪು ಯಾರಿಗೂ ಆಗ್ತದೆ. ನನ್ನ ಕೈ ಸತ್ತಿದೆ ಅಂತ ನಾನು ಒಂಬತ್ತು ದಿನ ಕೂತ್ಕೊಂಡೆ. ನೀವು ಗೋಡೆಯ ಆಚೆಯೇ ಇದ್ರಿ."

ನಾನು ತಲೆ ತಗ್ಗಿಸಿ ನಿಂತೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು, ಗೋಡೆ ತಡವಿಕೊಂಡು ಅಡುಗೆಮನೆಗೆ ನಡೆದರು. ಒಳಗಿನಿಂದ ಮಣೆಯ ಮೇಲೆ ಕತ್ತಿಯ ಸದ್ದು ಕೇಳತೊಡಗಿತು, ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ತಲೆಯ ಮೇಲಿನ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ಒಳಗಿನಿಂದ ಕಾಕನ ದನಿ ಬಂತು: "ಟೀಚರ್ ಊಟ ಮಾಡಿಯೇ ಹೋಗ್ಲಿ. ಬರುವ ಭಾನುವಾರ ಪುನಃ ಹೋಗುವ."

ಆ ಭಾನುವಾರ ಅವರ ಹೆಂಡತಿಗೆ ಮೊಣಕಾಲು ನೋವು. ರಸ್ತೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತರು, ನಾವಿಬ್ಬರೇ ಹೊಳೆಗಿಳಿದೆವು. ಕಾಕ ಗಂಟುಗಳನ್ನೆಲ್ಲ ಬಿಚ್ಚಿಸಿಬಿಟ್ಟಿದ್ದರು. ದಾರಗಳನ್ನು ತಾವೇ ಮುಟ್ಟಿ ನೋಡಿ ಸಪೂರದ್ದನ್ನು ಆರಿಸಿದರು. ಒಂಬತ್ತು ಎಣಿಸುವಷ್ಟರಲ್ಲಿ ಅದು ತಳ ಮುಟ್ಟಿತು. ಐದನೆಯದೋ ಆರನೆಯದೋ ಸಲ ಕೋಲಿನ ತುದಿ ಬಾಗಿತು. ಅವರು ಕೂಗಲೂ ಇಲ್ಲ, ನಗಲೂ ಇಲ್ಲ, ಉಸಿರು ಬಿಗಿಹಿಡಿದು ದಾರವನ್ನು ಎಳೆದುಕೊಂಡರು.

ಬೆಳ್ಳಿ ಬಣ್ಣದ ಒಂದು ಹೊಳೆಮೀನು. ಗೇಣುದ್ದವಿತ್ತು, ಅಷ್ಟೇ. ಅವರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಗಾಳ ಬಿಡಿಸಿ, ಎರಡೂ ಅಂಗೈಯಲ್ಲಿ ಅದನ್ನು ನೀರೊಳಗೇ ಹಿಡಿದುಕೊಂಡರು. ಕಿವಿರು, ರೆಕ್ಕೆ, ಬಾಲ, ಎಲ್ಲವನ್ನೂ ಹೆಬ್ಬೆರಳಿನಲ್ಲಿ ಸವರಿದರು. ಹುರಿಯಲೆಂದು ಬೆಳಿಗ್ಗೆಯೇ ಅರೆದ ಮಸಾಲೆ ನನ್ನ ಚೀಲದ ಡಬ್ಬಿಯಲ್ಲಿತ್ತು. ಆಮೇಲೆ ನೋಡಿದರೆ ಅಂಗೈ ಖಾಲಿ. ಜಾರಿತೋ, ಅವರೇ ಬಿಟ್ಟರೋ, ತಿಳಿಯಲಿಲ್ಲ. ಹೋಟೆಲಿಗೆ ಬಂದಾಗ ಹೆಂಡತಿಯ ಎದುರು ನಿಂತು ಮೊಣಕೈ ತೋರಿಸಿ, ಇಷ್ಟುದ್ದ ಇತ್ತು ಎಂದರು. ಆಕೆ ನನ್ನ ಮುಖ ನೋಡಿದರು. ನಾನು ಬಸ್ಸು ಬಂತೇನೋ ಎಂದು ರಸ್ತೆಯ ಕಡೆ ತಿರುಗಿದೆ.

ಎರಡು ವರ್ಷದ ಬಳಿಕ ನನಗೆ ಮೂಡುಬಿದಿರೆಗೆ ವರ್ಗವಾಯಿತು. ಕಾಕನ ಕಣ್ಣು ಪೂರ್ತಿ ಹೋಯಿತು, ಅಡುಗೆ ಕೊನೆಯವರೆಗೂ ಬಿಡಲಿಲ್ಲ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಮನೆ ತುಂಬ ಜನ. ಅವರ ಹೆಂಡತಿಯ ಕೈ ಹಿಡಿದು ಎರಡು ನಿಮಿಷ ಕುಳಿತು ಎದ್ದು ಬಂದಿದ್ದೆ.

ಈ ಭಾನುವಾರ ಮತ್ತೆ ಹೋದೆ. ಜಗಲಿಯಲ್ಲಿ ನಾವಿಬ್ಬರೇ. ಮಾತಿನ ನಡುವೆ ಆಕೆ ಕೇಳಿದರು. "ಟೀಚರ್, ಆ ಮೀನು ನಿಜವಾಗಿ ಮೊಣಕೈಯಷ್ಟು ಉದ್ದ ಇತ್ತಾ? ಬಂದವರಿಗೆಲ್ಲ ಹೇಳ್ತಿದ್ರು."

"ಇತ್ತು," ಎಂದುಬಿಟ್ಟೆ.

ಆಕೆಯ ಮುಖ ಇಳಿಯಿತು. "ಹೌದಾ... ಸುಳ್ಳು ಸುಳ್ಳು ಅಂತ ನಾನು ಯಾವಾಗ್ಲೂ ತಮಾಷೆ ಮಾಡ್ತಿದ್ದೆ. ಇರುವಾಗ ಒಂದ್ಸಲವಾದ್ರೂ ನಂಬ್ಬೇಕಿತ್ತು."

ಈ ಸಲ ನಾನು ಸುಮ್ಮನಿರಲಿಲ್ಲ. "ಇಲ್ಲ, ಗೇಣುದ್ದವಿತ್ತು. ಕಾಕ ಸುಳ್ಳೇ ಹೇಳಿದ್ದು. ಈಗ ನಾನೂ ಹೇಳಿದೆ," ಎಂದೆ.

ಆಕೆ ಕಣ್ಣರಳಿಸಿ ನನ್ನನ್ನೇ ನೋಡಿದರು. ಮರುಗಳಿಗೆ ನಗು ಉಕ್ಕಿ ಬಂತು. ಮೈಯೆಲ್ಲ ಕುಲುಕುವ ನಗು. ನಗುತ್ತಲೇ ಒಳಗಿನ ಕಡೆ ತಿರುಗಿ ಬ್ಯಾರಿ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಕೂಗಿದರು. ಅಷ್ಟು ವರ್ಷ ಆ ಗೋಡೆಯ ಪಕ್ಕ ಇದ್ದವಳಿಗೆ ಅಷ್ಟು ಅರ್ಥವಾಗುತ್ತಿತ್ತು: "ಕೇಳಿದಿರಾ, ಗೇಣುದ್ದವಂತೆ!"

ಕೂಗಿ ಮುಗಿಸಿದ ಮೇಲೆಯೇ ಆಕೆಗೆ ತಿಳಿದದ್ದು, ಒಳಗೆ ಕೇಳುವವರಿಲ್ಲವೆಂದು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ನಾವಿಬ್ಬರೂ ತುಂಬ ಹೊತ್ತು ಆ ಕಡೆಗೇ ನೋಡುತ್ತ ಕುಳಿತೆವು.