ನನ್ನ ಪದವಿಗೆ ಜಾಮೀನು ನಿಂತವರು

ಐದು ವರ್ಷ ಚಿತ್ರಕಲೆ ಓದಿ ಗಳಿಸಿದ್ದೇನು ಎಂದು ಯಾರಾದರೂ ಕೇಳಿದರೆ ನಾನು ಖರ್ಚಿನಿಂದಲೇ ಶುರು ಮಾಡುತ್ತೇನೆ. ಆ ಕಡೆ ಹೇಳಿಕೊಳ್ಳಲು ಬೇಕಾದಷ್ಟಿದೆ. ಫೀಸು, ಬಣ್ಣ, ಕ್ಯಾನ್ವಾಸು, ನಾವಿದ್ದ ಖಡಕಿಯಿಂದ ಕಾಲೇಜಿಗೆ ಬಸ್ ಪಾಸು. ಅಳಿಲಿನ ಕೂದಲಿನ ಒಂದು ಕುಂಚದ ಬೆಲೆ ಕೇಳಿ ಅವ್ವ, "ಅಷ್ಟು ರೊಕ್ಕಕ್ಕ ಇಡೀ ಅಳಿಲ ಬರತಿತ್ತಲ್ಲ" ಎಂದಿದ್ದಳು.

ಇದಕ್ಕೆಲ್ಲ ಅಪ್ಪ ತಮ್ಮ ಕಾರ್ಖಾನೆಯ ನೌಕರರ ಪತ್ತಿನ ಸಂಘದಲ್ಲಿ ಸಾಲ ತೆಗೆದರು. ಸಾಲಕ್ಕೊಬ್ಬರು ಜಾಮೀನು ಬೇಕಿತ್ತು. ಅಪ್ಪನ ಜೊತೆ ಅಲ್ಲೇ ಕೆಲಸ ಮಾಡುತ್ತಿದ್ದ, ಪಕ್ಕದ ಕ್ವಾರ್ಟರ್ಸಿನ ಕಾಕಾ ಫಾರಂ ಓದದೆ ಸಹಿ ಹಾಕಿದರು. ಆಮೇಲೆ ಓದಿದರು. ಸಾಲ ತೀರುವ ತನಕ ಜಾಮೀನುದಾರ ನಿವೃತ್ತನಾದರೂ ಅವನ ಠೇವಣಿ ವಾಪಸು ಕೊಡುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಕಾಕಾ ನಿವೃತ್ತಿಗೆ ಇನ್ನು ಐದೇ ವರ್ಷ. ಆ ಠೇವಣಿಯಿಂದ ಧಾರವಾಡದ ತಮ್ಮ ಜಾಗದಲ್ಲಿ ಎರಡು ಕೋಣೆ ಕಟ್ಟಿಸಬೇಕೆಂದು ಅವರು ಲೆಕ್ಕ ಹಾಕಿದ್ದರು.

ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ ಕಾಕಾ ನನ್ನ ಪ್ರಗತಿ ನೋಡಲು ಬರತೊಡಗಿದರು. ಕಾರ್ಖಾನೆಯಲ್ಲಿ ಅವರದು ತಪಾಸಣೆಯ ವಿಭಾಗ. ತಯಾರಾದ ಮಾಲು ಸರಿಯಿದೆಯೋ ಇಲ್ಲವೋ ನೋಡಿ ಹೇಳುವುದೇ ಅವರ ಕೆಲಸ, ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ನನ್ನ ಎರಡನೆಯ ವರ್ಷದ ಒಂದು ಚಿತ್ರವನ್ನು ಮಾತ್ರ ಅವರು ಮೆಚ್ಚಿದ್ದುಂಟು.

"ಬದನೀಕಾಯಿ ಛಲೋ ಬಂದಾವ" ಎಂದರು.

"ಅವು ಹೆಣ್ಣಮಕ್ಕಳ್ರಿ ಕಾಕಾ, ಮಲಗ್ಯಾರ."

ಕಾಕಾ ಕೆಮ್ಮಿದರು. ಒಳಗೆ ತಿರುಗಿ ಅವ್ವನಿಗೆ, "ಒಂದೀಟು ಚಾ ಮಾಡ್ರಿ" ಎಂದರು.

ಕೊನೆಯ ವರ್ಷ ನಾನು ಬಾಗಿಲಿನಷ್ಟು ದೊಡ್ಡ ಕ್ಯಾನ್ವಾಸಿನಲ್ಲಿ ಬರೀ ಬೂದು, ಹಳದಿ ಬಣ್ಣ ಬಳಿದು ನಿಲ್ಲಿಸಿದೆ. ಕಾಕಾ ಬಹಳ ಹೊತ್ತು ನೋಡಿ, "ಮುಗೀತೇನು ಇದು?" ಎಂದರು. ಮುಗಿದಿದೆ ಎಂದೆ. "ಯಾರು ಹೇಳಿದ್ರು?" ಎಂದು ಕೇಳಿದರು.

ಆ ಚಿತ್ರವೇ ಕಾಲೇಜಿನ ಕೊನೆಯ ಪ್ರದರ್ಶನಕ್ಕೆ ಹೋಯಿತು. ಬೆಲೆ ಬರೆಯಿರಿ ಎಂದರು ಸರ್. ಉಳಿದವರು ತಮ್ಮ ಕಲೆಯ ಬೆಲೆ ಏನಿರಬಹುದೆಂದು ತಲೆ ಕೆರೆದುಕೊಂಡರು. ನನಗೆ ಆ ತಾಪತ್ರಯವಿರಲಿಲ್ಲ. ಸಾಲ ಎಷ್ಟು ಬಾಕಿಯಿತ್ತೋ ಅಷ್ಟನ್ನೇ ಬರೆದೆ, ಹದಿನೆಂಟು ಸಾವಿರ. ಶುಕ್ರವಾರ ಒಬ್ಬರು ಸಾಹೇಬರು ಬಂದರು. ವಿಮಾನ ನಗರದಲ್ಲಿ ಹೊಸ ಫ್ಲ್ಯಾಟು, ಸೋಫಾದ ಮೇಲಿನ ಗೋಡೆ ಖಾಲಿ. ಟೇಪು ಹಿಡಿದು ನನ್ನ ಚಿತ್ರದ ಉದ್ದಗಲ ಅಳೆದು, ಇದೇ ಇರಲಿ, ರವಿವಾರ ಸಂಜೆ ಚೆಕ್ ತರುತ್ತೇನೆ ಎಂದರು. ಮಾರಾಟವಾಯಿತು ಎಂಬುದಕ್ಕೆ ಗೆಳತಿ ಚಿತ್ರದ ಪಕ್ಕ ಒಂದು ಕೆಂಪು ಚುಕ್ಕೆ ಅಂಟಿಸಿದಳು.

ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಕಾಕಾ ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಚೆಕ್ಕನ್ನು ಅವರ ಕೈಯಲ್ಲೇ ಇಟ್ಟು, ಅವರ ಮುಖ ನೋಡಬೇಕೆಂಬ ಆಸೆ.

ರವಿವಾರ ಮಧ್ಯಾಹ್ನ ಕಾಕಾ ಇಸ್ತ್ರಿಯ ಅಂಗಿ ತೊಟ್ಟು ಪ್ರದರ್ಶನ ನೋಡಲು ಬಂದರು. ನನ್ನ ಚಿತ್ರದ ಮುಂದೆ ನಿಂತರು. ಮುಖ ಸಣ್ಣದಾಯಿತು. ಕೊನೆಗೂ ಕಲೆ ಇವರ ಮನಸ್ಸಿಗೆ ನಾಟಿತು ಎಂದುಕೊಂಡು ನಾನು ದೂರದಿಂದಲೇ ಹಿಗ್ಗಿದೆ. ಅವರು ಹತ್ತಿರ ಬಂದು ನನ್ನ ತಲೆ ಸವರಿ, "ಉಂಡಿಯೇನವಾ?" ಎಂದು ಕೇಳಿದರು. ನಾನು ಕ್ಯಾಂಟೀನಿಗೆ ಹೋಗಿ ಬರುವಷ್ಟರಲ್ಲಿ ಹೊರಟುಹೋಗಿದ್ದರು.

ಸಂಜೆ ಸಾಹೇಬರು ಹೆಂಡತಿಯೊಡನೆ ಬಂದರು. ಚುಕ್ಕೆ ಮಾಯವಾಗಿತ್ತು. ಆಕೆ ನನ್ನ ಚಿತ್ರ ನೋಡಿದರು, ಗಂಡನನ್ನು ನೋಡಿದರು. "ಗುರುತೇ ಇಲ್ಲವಲ್ಲ, ಇನ್ನೂ ನಮ್ಮದಾಗಿಲ್ಲ, ಬಿಡಿ" ಎಂದು ಮರಾಠಿಯಲ್ಲಿ ಸಮಾಧಾನವಾಗಿ ಹೇಳಿ, ಸೋಫಾದ ಬಣ್ಣಕ್ಕೆ ಒಪ್ಪುವ ಪಕ್ಕದ ಕುದುರೆಗಳನ್ನು ಕೊಂಡರು. ನಾನು ಗೆಳತಿಯ ಮೇಲೆ ಹರಿಹಾಯ್ದೆ. ಗಟ್ಟಿಯಾಗಿಯೇ ಅಂಟಿಸಿದ್ದೆ ಎಂದು ಅವಳು ತಾಯಿಯಾಣೆ ಇಟ್ಟಳು.

ಮರುದಿನ ಕಾಕಾ ಬಂದು, ಜೇಬಿನ ಡೈರಿ ತೆರೆದು ತೋರಿಸಿದರು. ಹಾಳೆಗೆ ಕೆಂಪು ಚುಕ್ಕೆ ಅಂಟಿಕೊಂಡಿತ್ತು.

"ನಮ್ಮಲ್ಲೆ ಮಾಲು ಕೆಟ್ಟಿತ್ತಂದ್ರ ಅದಕ್ಕ ಕೆಂಪು ಹಚ್ಚತೇವಿ" ಎಂದರು ತಗ್ಗಿದ ದನಿಯಲ್ಲಿ. "ನಿನ್ನ ಚಿತ್ರಕ್ಕ ಹಚ್ಚಿದ್ರಲ್ಲವಾ. ಯಾರೂ ಇಲ್ಲದ್ದು ನೋಡಿ ಕಿತ್ತುಬಿಟ್ಟೆ. ಇನ್ನೊಬ್ಬರು ಬಂದು ನೋಡಿದ್ರ ಪಾಸ್ ಮಾಡ್ಯಾರು ಅಂತ."

ನನಗೆ ಅಳು ಬಂತು, ಅವ್ವನಿಗೆ ನಗು ಬಂತು. ಆ ಚುಕ್ಕೆಯ ಅರ್ಥವನ್ನು, ಹಿಂದಿನ ರಾತ್ರಿ ನನ್ನಿಂದ ಎಲ್ಲ ಕೇಳಿ ತಿಳಿದಿದ್ದ ಅಪ್ಪನೇ ವಿವರಿಸಬೇಕಾಯಿತು. ಕಾಕಾ ತಮ್ಮ ಹೆಬ್ಬೆರಳಿನ ಉಗುರು ನೋಡುತ್ತ ಕೂತರು. "ಅಂದ್ರ ನನ್ನ ರೊಕ್ಕಾ ನಾನ ಕಿತ್ತೆ ಅಂದಂಗಾತು" ಎಂದರು.

ಎರಡು ತಿಂಗಳಿಗೆ ಅವರು ಶಾಲು, ಗೋಡೆ ಗಡಿಯಾರ ಹಿಡಿದು ನಿವೃತ್ತರಾದರು. ಠೇವಣಿ ಸಂಘದಲ್ಲೇ ಉಳಿಯಿತು. ನಾನು ತಳೇಗಾಂವದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರಾದೆ. ದಿನಕ್ಕೆ ಇನ್ನೂರು ಮಕ್ಕಳಿಗೆ ಮಾವಿನಹಣ್ಣು ಬರೆಯಲು ಕಲಿಸಿ, ಸಂಬಳವೆಲ್ಲ ಸಾಲಕ್ಕೆ ಕಟ್ಟಿದೆ. ಧಾರವಾಡದ ಕೋಣೆಗಳು ಹನ್ನೊಂದು ತಿಂಗಳು ಕಾದವು, ಕಾಕಾ ಅನುಮತಿ ಪಡೆದು ಪಕ್ಕದ ಕ್ವಾರ್ಟರ್ಸಿನಲ್ಲೇ ಉಳಿದರು. ಅಷ್ಟು ದಿನ ನನಗೆ ಕಾಕಾ ಎದುರು ಬರಲು ನಾಚಿಕೆ, ಅವರಿಗೆ ನನ್ನೆದುರು ಬರಲು ನಾಚಿಕೆ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನಲ್ಲಿ ನೀರು ಹಿಡಿಯುತ್ತಿದ್ದೆವು.

ಕೊನೆಯ ಕಂತು ಕಟ್ಟಿದ ದಿನ ರಸೀದಿ ತೆಗೆದುಕೊಂಡು ಅವರ ಮನೆಗೆ ಹೋದೆ. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಕಾಕಾ, ಆವತ್ತು ಅದನ್ನ ಕೀಳುವಾಗ ಅಂಜಿಕಿ ಬರಲಿಲ್ಲೇನ್ರಿ?" ಎಂದೆ.

"ಬಂತು. ಮೂವತ್ತು ವರ್ಷದಾಗ ಕೆಂಪು ಹಚ್ಚಿದ ಮಾಲಿಗೆ ಕೈ ಹಚ್ಚಿದಾಂವಲ್ಲ ನಾ. ಹಚ್ಚಿದ್ರ ನೌಕರಿ ಹೋಗತದ."

"ಚಿತ್ರ ಅಷ್ಟು ಛಲೋ ಕಂಡಿತ್ತೇನ್ರಿ?"

ಕಾಕಾ ರಸೀದಿ ಮಡಚಿ ಜೇಬಿಗಿಟ್ಟರು.

"ಇಲ್ಲವಾ. ನನಗ ಅದು ಖರೇನ ಕೆಟ್ಟ ಮಾಲ ಅನಿಸಿತ್ತು. ನೀ ಉಂಡು ಬಂದು ನೋಡಿದ್ರ ಅಳತೀ ಅಂತ ಕಿತ್ತೆ."